ಫೋನಿಗೆ ಬಂದ ದುಡ್ಡು ಮುಂದಿನ ಕೈಗೆ ಹೋಗುತ್ತದೆಯೇ? ಪಾವತಿಯ ನಿಯಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಕೇಂದ್ರೀಯ ಬ್ಯಾಂಕುಗಳಲ್ಲಿ, ಹಣಕಾಸು ಸಚಿವಾಲಯಗಳಲ್ಲಿ ಮತ್ತು ಮೊಬೈಲ್ ಪಾವತಿ ಸಂಸ್ಥೆಗಳಲ್ಲಿ ಕುಳಿತು ನಿಯಮವನ್ನೂ ಶುಲ್ಕವನ್ನೂ ನಿರ್ಧರಿಸುವವರಿಗೆ,

ಮಾನ್ಯರೇ,

ಮಾರುಕಟ್ಟೆಯಲ್ಲಿ, ರಸ್ತೆಬದಿಯಲ್ಲಿ ಕುಳಿತು ಮಾರುವವರ ದಿನದ ಲೆಕ್ಕವನ್ನು ಬರೆದುಕೊಡುವುದು ಬಹಳ ವರ್ಷಗಳಿಂದ ನನ್ನ ಕೆಲಸ. ಅವರ ವಹಿಯಲ್ಲಿ ಮೊದಲು ಎರಡೇ ಕಾಲಂ ಇರುತ್ತಿದ್ದವು: ಬಂದದ್ದು ಮತ್ತು ಹೋದದ್ದು. ಈಗ ಬಂದದ್ದರಲ್ಲೇ ಎರಡಾಗಿವೆ: ಕೈಗೆ ಬಂದದ್ದು ಮತ್ತು ಫೋನಿಗೆ ಬಂದದ್ದು. ಎರಡೂ ಒಂದೇ ದುಡ್ಡು ಎಂದು ನಿಮ್ಮ ಜಾಹೀರಾತುಗಳು ಹೇಳುತ್ತವೆ. ವಹಿ ಹಾಗೆ ಹೇಳುವುದಿಲ್ಲ. ಫೋನಿಗೆ ಬಂದದ್ದರ ಪಕ್ಕದಲ್ಲಿ ನಾನು ಕಳೆಯಬೇಕಾದ ಸಣ್ಣ ಸಣ್ಣ ಮೊತ್ತಗಳಿರುತ್ತವೆ, ಕಾಯಬೇಕಾದ ಗಂಟೆಗಳಿರುತ್ತವೆ, ಕೆಲವೊಮ್ಮೆ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇರುತ್ತದೆ. ಈ ಪತ್ರ ಆ ಪಕ್ಕದ ಜಾಗದ ಕುರಿತು.

ನಿಮ್ಮ ವಾರ್ಷಿಕ ವರದಿಗಳನ್ನು ಕೈಗೆ ಸಿಕ್ಕಷ್ಟು ಓದಿದ್ದೇನೆ. ಎಷ್ಟು ಖಾತೆಗಳು ತೆರೆದವು, ಎಷ್ಟು ವ್ಯವಹಾರ ನಡೆದವು, ಎಷ್ಟು ವ್ಯಾಪಾರಿಗಳು ಕ್ಯೂಆರ್ ಕೋಡ್ ಅಂಟಿಸಿಕೊಂಡರು ಎಂಬುದನ್ನು ಅವು ಚೆನ್ನಾಗಿ ಎಣಿಸುತ್ತವೆ. ಅಂಟಿಸಿಕೊಂಡ ಮೇಲೂ ಗಿರಾಕಿಯನ್ನು ಕಂಡು "ಚಿಲ್ಲರೆ ಇದ್ದರೆ ಕೊಡಿ" ಎನ್ನುವ ವ್ಯಾಪಾರಿಯನ್ನು ಮಾತ್ರ ಎರಡು ಬಗೆಯಲ್ಲಿ ವಿವರಿಸಿ ಮುಗಿಸಲಾಗುತ್ತದೆ: ಒಂದೋ ಆಕೆಗೆ ತಿಳಿವಳಿಕೆ ಸಾಲದು, ಇಲ್ಲವೇ ಆಕೆ ತೆರಿಗೆ ತಪ್ಪಿಸುತ್ತಿದ್ದಾಳೆ. ನಾನು ಕಂಡ ಮಟ್ಟಿಗೆ ಬಹುಪಾಲು ಮಂದಿಗೆ ಇವೆರಡೂ ಅನ್ವಯಿಸುವುದಿಲ್ಲ. ಆಕೆ ಲೆಕ್ಕ ಹಾಕಿ ಹೇಳುತ್ತಿದ್ದಾಳೆ, ಆ ಲೆಕ್ಕ ಸರಿಯಾಗಿಯೂ ಇದೆ. ತನಗೆ ಬಂದ ದುಡ್ಡನ್ನು ಮರುದಿನ ಬೆಳಗಾಗುವ ಮೊದಲು ಇನ್ನೊಬ್ಬರ ಕೈಗೆ ದಾಟಿಸಬೇಕಾದವಳು ಆಕೆ. ದಾಟಲಾರದ ದುಡ್ಡು ಎಷ್ಟಿದ್ದರೂ ಆಕೆಗೆ ಅದು ಬರಬೇಕಾದ ಬಾಕಿಯಷ್ಟೇ.

ಒಂದು ಬೆಳಗಿನ ಜಾವವನ್ನು ನೋಡಿ. ಸಗಟು ಮಾರಾಟದ ಅಂಗಳದಲ್ಲಿ ಇನ್ನೂ ಕತ್ತಲೆ. ಮಾಲು ಇಳಿಯುತ್ತಿದೆ, ಮೊದಲು ಬಂದವರಿಗೆ ಒಳ್ಳೆಯದು, ತಡವಾಗಿ ಬಂದವರಿಗೆ ಉಳಿದದ್ದು. ನಮ್ಮ ವ್ಯಾಪಾರಿಯ ನಿನ್ನೆಯ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಫೋನಿನಲ್ಲಿದೆ. ಸಗಟುಗಾರ ನಗದನ್ನೇ ಕೇಳುತ್ತಾನೆ, ಏಕೆಂದರೆ ಅವನು ಲಾರಿಯವನಿಗೆ, ಹಮಾಲರಿಗೆ, ದೂರದಿಂದ ಬಂದ ಬೆಳೆಗಾರನಿಗೆ ಆ ಕ್ಷಣದಲ್ಲೇ ನೋಟು ಎಣಿಸಿ ಕೊಡಬೇಕು. ಫೋನಿನ ದುಡ್ಡನ್ನು ನೋಟು ಮಾಡಿಕೊಡುವ ಏಜೆಂಟ್ ಇನ್ನೂ ಬಾಗಿಲು ತೆರೆದಿಲ್ಲ. ತೆರೆದಿದ್ದರೂ ಮೊದಲ ಹತ್ತು ಜನರಿಗೆ ಕೊಡುವಷ್ಟರಲ್ಲಿ ಅವನ ಗಲ್ಲಾ ಖಾಲಿಯಾಗುತ್ತದೆ. ಆಕೆ ಪರಿಚಯದವರ ಬಳಿ ಕೈಸಾಲ ಕೇಳುತ್ತಾಳೆ. ಸಾಲಕ್ಕೆ ಸಂಜೆಯೊಳಗೆ ಬಡ್ಡಿ ಸೇರುತ್ತದೆ. ನಿನ್ನೆ ನಾಲ್ಕು ಗಿರಾಕಿಗಳು ಸುಲಭವಾಗಿ ಫೋನ್ ತೋರಿಸಿ ಹೋದದ್ದರ ಬೆಲೆಯನ್ನು ಇವತ್ತು ಆಕೆ ತೆತ್ತಿದ್ದಾಳೆ, ಮತ್ತು ನಿಮ್ಮ ವರದಿಯಲ್ಲಿ ಆ ನಾಲ್ಕೂ ಯಶಸ್ವಿ ವ್ಯವಹಾರಗಳೆಂದು ದಾಖಲಾಗಿವೆ.

ಈ ತೊಡಕಿಗೆ ಒಂದು ಇತಿಹಾಸವಿದೆ. 2007ರ ಮಾರ್ಚಿನಲ್ಲಿ ಕೀನ್ಯಾದಲ್ಲಿ ಸಫಾರಿಕಾಂ ಸಂಸ್ಥೆ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಆರಂಭಿಸಿದಾಗ ಅದರ ಕಣ್ಣ ಮುಂದಿದ್ದವನು, ಪಟ್ಟಣದಲ್ಲಿ ದುಡಿದು ಊರಿನ ಮನೆಗೆ ಹಣ ಕಳಿಸುವ ಮನುಷ್ಯ. ತಿಂಗಳಿಗೊಮ್ಮೆಯೋ ಎರಡು ಬಾರಿಯೋ ಕಳಿಸುವವನಿಗೆ ಸಣ್ಣ ಶುಲ್ಕ ಭಾರವೇನಲ್ಲ. ಬಸ್ಸಿನ ಚಾಲಕನ ಕೈಯಲ್ಲಿ ಲಕೋಟೆ ಕೊಟ್ಟು ಕಳಿಸುವುದಕ್ಕಿಂತ ಅದು ಸುರಕ್ಷಿತ. ಆದ್ದರಿಂದ ಹಣ ಜಮಾ ಮಾಡುವುದು ಉಚಿತ, ಕಳಿಸುವುದಕ್ಕೂ ತೆಗೆಯುವುದಕ್ಕೂ ಶುಲ್ಕ ಎಂಬ ಏರ್ಪಾಡು ಸಹಜವೇ ಆಗಿತ್ತು. ಮಾರುಕಟ್ಟೆಯ ಪಾವತಿಗೆಂದು ಬೇರೆಯೇ ಒಂದು ಸೇವೆ ಅಲ್ಲಿ ಬಂದದ್ದು 2013ರ ಹೊತ್ತಿಗೆ. ಮನೆಗೆ ಹಣ ಕಳಿಸಲು ಹೊಲಿದ ಅಂಗಿಯನ್ನು ದಿನಕ್ಕೆ ನೂರು ಸಲ ಪುಡಿಗಾಸು ಪಡೆಯುವವಳಿಗೆ ತೊಡಿಸಿದರೆ ಅದು ಎಲ್ಲಿ ಹರಿಯಬೇಕೋ ಅಲ್ಲೇ ಹರಿಯುತ್ತದೆ. ಶುಲ್ಕವನ್ನು ಮೊತ್ತದ ಶ್ರೇಣಿಗಳಾಗಿ ವಿಂಗಡಿಸುವ ಕಡೆ ಪ್ರತಿ ಶ್ರೇಣಿಯ ಕೆಳತುದಿಯಲ್ಲಿ ನಿಂತವರು ಹೆಚ್ಚಿನ ಪ್ರಮಾಣ ತೆರುತ್ತಾರೆ, ಮತ್ತು ಸಣ್ಣ ವ್ಯಾಪಾರಿ ಹೆಚ್ಚು ಹೊತ್ತು ನಿಲ್ಲುವುದು ಆ ಕೆಳತುದಿಯಲ್ಲೇ.

ಬೇರೆ ರೀತಿಯಲ್ಲಿ ಮಾಡಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. 2020ರ ಮಾರ್ಚಿನಲ್ಲಿ, ಕೊರೊನಾ ಭಯದ ನಡುವೆ, ಕೀನ್ಯಾದ ಕೇಂದ್ರೀಯ ಬ್ಯಾಂಕು 1,000 ಶಿಲ್ಲಿಂಗ್ ವರೆಗಿನ ಮೊಬೈಲ್ ವರ್ಗಾವಣೆಗಳ ಶುಲ್ಕವನ್ನು ತೆಗೆಸಿತು. ಆ ವರ್ಷದ ಕೊನೆಯವರೆಗೆ ಅದು ನಡೆಯಿತು, ಆಮೇಲೆ ಶುಲ್ಕ ಮರಳಿ ಬಂತು. ಸೆನೆಗಲ್‌ನಲ್ಲಿ ವೇವ್ ಎಂಬ ಸಂಸ್ಥೆ ಹಣ ಹಾಕುವುದನ್ನೂ ತೆಗೆಯುವುದನ್ನೂ ಉಚಿತ ಮಾಡಿ, ಕಳಿಸುವುದಕ್ಕೆ ಮಾತ್ರ ಶೇ. 1 ಪಡೆಯತೊಡಗಿದಾಗ ಹಳೆಯ ಸಂಸ್ಥೆಗಳೂ ದರ ಇಳಿಸಬೇಕಾಯಿತು. ಸೋಮಾಲಿಲ್ಯಾಂಡ್‌ನಲ್ಲಿ 2009ರಲ್ಲಿ ಆರಂಭವಾದ ಜಾದ್ ಎಂಬ ಮೊಬೈಲ್ ಹಣದ ಸೇವೆ ವರ್ಗಾವಣೆಗೆ ಶುಲ್ಕವನ್ನೇ ಇಡದೆ ಹರಡಿತು. ಸಂಬಳ ಅದರಲ್ಲಿ ಬರುತ್ತದೆ, ಸಗಟುಗಾರ ಅದನ್ನೇ ಪಡೆಯುತ್ತಾನೆ, ಹಾಗಾಗಿ ಬೀದಿಯ ವ್ಯಾಪಾರಿಗೂ ಅದನ್ನು ನೋಟು ಮಾಡಿಕೊಳ್ಳುವ ಆತುರ ಕಡಿಮೆ. ಬ್ರೆಜಿಲ್‌ನ ಕೇಂದ್ರೀಯ ಬ್ಯಾಂಕು 2020ರ ನವೆಂಬರಿನಲ್ಲಿ ತಂದ ಪಿಕ್ಸ್ ಎಂಬ ತಕ್ಷಣದ ಪಾವತಿ ವ್ಯವಸ್ಥೆ ಸಾಮಾನ್ಯ ಜನರಿಗೆ ಉಚಿತವಾಗಿದೆ. ಭಾರತ 2020ರ ಜನವರಿ 1ರಿಂದ ಯುಪಿಐ ಪಾವತಿಯ ಮೇಲೆ ವ್ಯಾಪಾರಿಯಿಂದ ಶುಲ್ಕ ಪಡೆಯುವುದನ್ನು ನಿಲ್ಲಿಸಿತು. ಉಚಿತ ಎಂದಾಗ ಯಾರೋ ಒಬ್ಬರು ಖರ್ಚು ಹೊತ್ತಿರುತ್ತಾರೆ ಎಂಬುದು ಲೆಕ್ಕ ಬರೆಯುವ ನನಗೆ ತಿಳಿಯದ ಮಾತಲ್ಲ. ಭಾರತದಲ್ಲಿ ಸರ್ಕಾರವೇ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡುತ್ತಾ ಬಂದಿದೆ, ಅದು ಸಾಲದು ಎಂಬ ದೂರು ಕೂಡ ನಿಂತಿಲ್ಲ. ಆದರೆ ನೋಟು ಮುದ್ರಿಸಿ, ಸಾಗಿಸಿ, ಕಾಯುವ ಖರ್ಚನ್ನು ನಾವು ಎಂದೂ ಗಿರಾಕಿಯ ಬಿಲ್ಲಿಗೆ ಸೇರಿಸಿದವರಲ್ಲ. ನೋಟಿನ ಖರ್ಚು ಸಾರ್ವಜನಿಕ ಖರ್ಚಾದರೆ ಅದರ ಜಾಗಕ್ಕೆ ಬರಹೊರಟ ವ್ಯವಸ್ಥೆಯ ಖರ್ಚು ಬಡ ವ್ಯಾಪಾರಿಯ ಜೇಬಿನಿಂದ ಏಕೆ ಹೋಗಬೇಕು?

ಶುಲ್ಕದ ಮಾತಿಗಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಮಾತು ನಂಬಿಕೆಯದು. ನೋಟು ಕೈ ಬದಲಾಯಿಸಿದ ಕ್ಷಣ ವ್ಯಾಪಾರ ಮುಗಿಯಿತು; ಕೊಟ್ಟವನು ಹಿಂದೆ ತಿರುಗಿ ನೋಡಬೇಕಿಲ್ಲ, ಪಡೆದವಳು ಯೋಚಿಸಬೇಕಿಲ್ಲ. ಫೋನಿನ ಪಾವತಿಯಲ್ಲಿ ಆ ಕ್ಷಣ ಎಲ್ಲಿದೆ ಎಂದು ಹುಡುಕಬೇಕು. ಗಿರಾಕಿ ಫೋನ್ ಎತ್ತಿ ತೋರಿಸುತ್ತಾನೆ. ಬಿಸಿಲಿಗೆ ಪರದೆ ಕಾಣುವುದಿಲ್ಲ. ವ್ಯಾಪಾರಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ತನ್ನ ಫೋನು ತೆಗೆದು, ಸಂದೇಶ ಬಂತೇ ಎಂದು ನೋಡಬೇಕು. ಅಷ್ಟರಲ್ಲಿ ಹಿಂದಿನವರು ಇಬ್ಬರು ಬೆಲೆ ಕೇಳಿ ಉತ್ತರ ಸಿಗದೆ ಮುಂದಿನ ಅಂಗಡಿಗೆ ಸರಿದಿರುತ್ತಾರೆ. ಸಂದೇಶ ಬಂದಿಲ್ಲ. "ನನ್ನ ಖಾತೆಯಲ್ಲಿ ಕಟ್ ಆಗಿದೆ" ಎನ್ನುತ್ತಾನೆ ಅವನು, ಸತ್ಯವನ್ನೇ ಹೇಳುತ್ತಿರಬಹುದು. ಆಕೆ ನಂಬಿದರೆ ನಷ್ಟದ ಭಯ, ನಂಬದಿದ್ದರೆ ಗಿರಾಕಿ ಹೋಗುವ ಭಯ. ಇಬ್ಬರು ಪ್ರಾಮಾಣಿಕರ ನಡುವೆ ಅನುಮಾನ ಹುಟ್ಟಿಸುವ ಈ ಅರ್ಧ ನಿಮಿಷಕ್ಕೆ ಯಾವ ಸಂಸ್ಥೆಯೂ ಹೊಣೆ ಹೊತ್ತದ್ದನ್ನು ನಾನು ಕಂಡಿಲ್ಲ. ಮೊತ್ತವನ್ನು ಗಟ್ಟಿಯಾಗಿ ಕೂಗಿ ಹೇಳುವ ಪುಟ್ಟ ಸ್ಪೀಕರ್ ಪೆಟ್ಟಿಗೆಗಳು ಭಾರತದಲ್ಲಿ ಇಷ್ಟು ಬೇಗ ಹರಡಿದ್ದೇಕೆ ಎಂದರೆ ಅವು ಸುಳ್ಳು ಸ್ಕ್ರೀನ್‌ಶಾಟುಗಳ ಕಾಟಕ್ಕೆ ಸಿಕ್ಕ ಉತ್ತರವಾಗಿದ್ದವು. ಒಳ್ಳೆಯ ಉಪಾಯವೇ. ಆದರೆ ಆ ಪೆಟ್ಟಿಗೆಗೂ ಬಾಡಿಗೆ ಇರುತ್ತದೆ, ಅದು ವಹಿಯಲ್ಲಿ ಹೋದದ್ದರ ಕಾಲಂಗೆ ಸೇರುತ್ತದೆ.

ಬಂದ ದುಡ್ಡು ಬಂದ ಮೇಲೂ ನಿಲ್ಲದಿರಬಹುದು. ತಪ್ಪಾಗಿ ಕಳಿಸಿದೆ ಎಂದು ದೂರು ಕೊಟ್ಟು ಪಾವತಿಯನ್ನು ಹಿಂದಕ್ಕೆ ಪಡೆಯುವ ಸೌಲಭ್ಯ ನಿಜಕ್ಕೂ ತಪ್ಪು ಮಾಡಿದವರಿಗೆ ವರ, ಮಾಲು ತೆಗೆದುಕೊಂಡು ಹೋದ ಮೋಸಗಾರನಿಗೂ ವರ. ಕೀನ್ಯಾದಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ರೂಪಿಸಿದ 'ಪೋಚಿ ಲಾ ಬಿಯಾಶಾರಾ' ಎಂಬ ಪ್ರತ್ಯೇಕ ಮೊಬೈಲ್ ವ್ಯಾಲೆಟ್‌ನಲ್ಲಿ ವ್ಯಾಪಾರಿಯ ಒಪ್ಪಿಗೆಯಿಲ್ಲದೆ ಗಿರಾಕಿ ಪಾವತಿಯನ್ನು ಹಿಂತಿರುಗಿಸಿಕೊಳ್ಳಲಾಗದಂತೆ ಮಾಡಿದ್ದು ಈ ಅನುಭವದಿಂದಲೇ ಇರಬೇಕು. ಇನ್ನೊಂದು ಬಗೆಯ ಸಂಕಟ ಭಾರತದ ವ್ಯಾಪಾರಿಗಳಿಗೆ ಎದುರಾಗಿದೆ: ಎಲ್ಲೋ ನಡೆದ ಸೈಬರ್ ವಂಚನೆಯ ಹಣ ಕೈಯಿಂದ ಕೈಗೆ ದಾಟಿ ಕೊನೆಗೆ ಒಬ್ಬ ಗಿರಾಕಿಯ ಮೂಲಕ ಅಂಗಡಿಯ ಖಾತೆಗೆ ಬಂದರೆ, ತನಿಖೆಯ ಹೆಸರಿನಲ್ಲಿ ಆ ಸಣ್ಣ ಮೊತ್ತಕ್ಕಾಗಿ ಇಡೀ ಖಾತೆಯನ್ನೇ ಸ್ತಂಭನಗೊಳಿಸಿದ ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲೇರಿವೆ. ಕಳ್ಳನ ಕೈಯಿಂದ ಬಂದ ನೋಟಿಗಾಗಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಯಾರೂ ಬೀಗ ಜಡಿಯುವುದಿಲ್ಲ.

ಗಲ್ಲಾಪೆಟ್ಟಿಗೆ ಎಂದೆ, ವಾಸ್ತವದಲ್ಲಿ ನಾನು ಲೆಕ್ಕ ಬರೆಯುವವರಲ್ಲಿ ಅನೇಕರ ಬಳಿ ಇರುವುದು ಒಂದು ಬಟ್ಟೆಯ ಚೀಲ, ಅದರಲ್ಲಿ ಮೂರು ಗಂಟು. ನಾಳೆಯ ಮಾಲಿಗೆ ಒಂದು, ಕಂತಿಗೆ ಒಂದು, ಮನೆಗೆ ಒಂದು. ಮೂರನೆಯ ಗಂಟು ತೆಳ್ಳಗಿರುವಾಗಲೂ ಮೊದಲನೆಯದಕ್ಕೆ ಕೈ ಹಾಕದಿರುವುದೇ ವ್ಯಾಪಾರದ ಶಿಸ್ತು. ಫೋನಿನಲ್ಲಿ ಈ ಮೂರೂ ಸೇರಿ ಒಂದೇ ಸಂಖ್ಯೆಯಾಗಿ ಕಾಣುತ್ತವೆ. ಅದಕ್ಕಿಂತ ಕಷ್ಟದ್ದು ಫೋನಿನಲ್ಲೇ ಸಿಗುವ ಸಾಲ. 2019ರಲ್ಲಿ ಕೀನ್ಯಾದಲ್ಲಿ ಬಂದ ಫುಲಿಜಾ ಎಂಬ ಓವರ್‌ಡ್ರಾಫ್ಟ್ ಸೇವೆಯಲ್ಲಿ, ಅಂದರೆ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಖರ್ಚು ಮಾಡಲು ಬಿಡುವ ಸಾಲದಲ್ಲಿ, ಖಾತೆಗೆ ಮುಂದೆ ಬರುವ ಹಣದಿಂದ ಬಾಕಿ ತಾನಾಗಿಯೇ ಕಡಿತವಾಗುತ್ತದೆ. ಸಾಲ ಕೊಟ್ಟವನಿಗೆ ಇದಕ್ಕಿಂತ ಅನುಕೂಲದ ಏರ್ಪಾಡಿಲ್ಲ. ವ್ಯಾಪಾರಿಯ ಕಡೆಯಿಂದ ನೋಡಿದರೆ, ಬೆಳಿಗ್ಗೆ ಬಂದ ಮೊದಲ ಗಿರಾಕಿಯ ದುಡ್ಡು ನಾಳೆಯ ಮಾಲಿನ ಗಂಟಿಗೆ ಹೋಗುವ ಮೊದಲೇ ಸಾಲದ ಗಂಟಿಗೆ ಬಿದ್ದಿತು; ಯಾವ ಗಂಟನ್ನು ಮೊದಲು ತುಂಬಬೇಕು ಎಂಬ ನಿರ್ಧಾರ ಆಕೆಯ ಕೈತಪ್ಪಿತು. ಅಂಥ ದಿನ ಆಕೆ ನಗದನ್ನೇ ಕೇಳಿದರೆ ಅದರಲ್ಲಿ ಅಜ್ಞಾನವೂ ಇಲ್ಲ, ಕಳ್ಳತನವೂ ಇಲ್ಲ. ಉದ್ರಿ ಕೊಟ್ಟ ಸಗಟುಗಾರನೂ ವಸೂಲಿಗೆ ಬರುತ್ತಾನೆ, ಆದರೆ ಅವನ ಜತೆ ಮಾತಾಡಬಹುದು, ಎರಡು ದಿನ ತಾಳಿಕೊಳ್ಳಿ ಎನ್ನಬಹುದು. ತಂತ್ರಾಂಶಕ್ಕೆ ಕಿವಿಯಿಲ್ಲ.

ನಗದನ್ನು ಹೊಗಳಲು ನಾನು ಹೊರಟಿಲ್ಲ. ಹರಿದ ನೋಟು, ಖೋಟಾ ನೋಟು, ಚಿಲ್ಲರೆಯ ಜಗಳ, ಸಂಜೆಯ ಗದ್ದಲದಲ್ಲಿ ಕಳುವಾದ ಚೀಲ, ದುಡಿದದ್ದನ್ನು ಮನೆಯಲ್ಲಿ ಕಿತ್ತುಕೊಳ್ಳುವವರು: ಇವೆಲ್ಲವೂ ವಹಿಯಲ್ಲಿ ದಾಖಲಾಗಿವೆ. ರಾತ್ರಿ ಒಂಟಿಯಾಗಿ ಮನೆಗೆ ನಡೆಯುವ ಹೆಂಗಸಿಗೆ ಫೋನಿನ ದುಡ್ಡು ದೊಡ್ಡ ನೆಮ್ಮದಿ, ಮತ್ತು ವರ್ಷವಿಡೀ ಬಂದದ್ದರ ದಾಖಲೆಯಿದ್ದರೆ ಮುಂದೊಂದು ದಿನ ಬ್ಯಾಂಕಿನ ಸಾಲಕ್ಕೆ ಅದು ಆಧಾರವಾಗಬಹುದು.

ಆ ದಾಖಲೆಯೇ ಈಗ ಭಯಕ್ಕೂ ಕಾರಣವಾಗಿದೆ. ಸುಲಭವಾಗಿ ಕಾಣುವ ದುಡ್ಡಿನ ಮೇಲೆ ಸರ್ಕಾರದ ಕಣ್ಣು ಬೀಳುವುದು ಹಳೆಯ ಸಂಗತಿ. ಉಗಾಂಡಾ 2018ರ ಜುಲೈನಲ್ಲಿ ಮೊಬೈಲ್ ಹಣದ ವ್ಯವಹಾರಗಳ ಮೇಲೆ ಶೇ. 1 ತೆರಿಗೆ ವಿಧಿಸಿತು. ಪ್ರತಿಭಟನೆಗಳಾದವು, ವ್ಯವಹಾರ ಕುಸಿಯಿತು, ಅದೇ ವರ್ಷದ ಕೊನೆಯೊಳಗೆ ಅದನ್ನು ಶೇ. 0.5ಕ್ಕೆ ಇಳಿಸಿ, ಹಣ ತೆಗೆಯುವುದಕ್ಕೆ ಮಾತ್ರ ಸೀಮಿತಗೊಳಿಸಲಾಯಿತು. ಇಳಿಸಿದ್ದೇನೋ ಸರಿ, ಆದರೆ ಉಳಿದ ಭಾರ ನೋಟು ಮಾಡಿಕೊಳ್ಳಲೇಬೇಕಾದವರ ಮೇಲೆಯೇ ಉಳಿಯಿತು ಎಂಬುದನ್ನು ಗಮನಿಸಿ. ಘಾನಾ 2022ರ ಮೇ ತಿಂಗಳಿನಿಂದ ಫೋನಿನ ವರ್ಗಾವಣೆಗಳ ಮೇಲೆ ಶೇ. 1.5ರ ಇ-ಲೆವಿ ಎಂಬ ತೆರಿಗೆ ತಂದಿತು, 2023ರಲ್ಲಿ ಶೇ. 1ಕ್ಕೆ ಇಳಿಸಿತು, 2025ರಲ್ಲಿ ರದ್ದೇ ಮಾಡಿತು. ಟಾಂಜಾನಿಯಾ 2021ರ ಜುಲೈನಲ್ಲಿ ಹೇರಿದ ಲೆವಿಯನ್ನು ಎರಡೇ ತಿಂಗಳಲ್ಲಿ ಶೇ. 30ರಷ್ಟು ಕಡಿಮೆ ಮಾಡಬೇಕಾಯಿತು. ಕರ್ನಾಟಕದಲ್ಲಿ 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಬಂದಾಗ ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಫಲಕಗಳು ಕಾಣಿಸಿಕೊಂಡವು. ವಹಿವಾಟು ಮಿತಿ ಮೀರಿದವರು ತೆರಿಗೆ ಕಟ್ಟಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಫೋನಿಗೆ ಬಂದದ್ದೆಲ್ಲ ಮಾರಾಟವಲ್ಲ. ಕೈಸಾಲ ಮರಳಿದ್ದು, ಮಗಳು ಕಳಿಸಿದ್ದು, ಪಕ್ಕದ ಅಂಗಡಿಯವನ ಗಿರಾಕಿ ಇವಳ ಕೋಡಿಗೆ ಹಾಕಿ ಇವಳಿಂದ ನೋಟು ಅವನಿಗೆ ದಾಟಿದ್ದು, ಎಲ್ಲವೂ ಅದೇ ಸಾಲಿನಲ್ಲಿ ಜಮೆಯಾಗಿ ಕಾಣುತ್ತವೆ. ನಗದು ಪಡೆದವನಿಗೆ ಇಲ್ಲದ ವಿಚಾರಣೆ ಫೋನಿನಲ್ಲಿ ಪಡೆದವಳಿಗೆ ಬಂದರೆ, ನೀವು ಹೇಳಿದಂತೆ ನಡೆದವರೇ ದಂಡ ತೆತ್ತಂತಾಯಿತು.

ಗಿರಾಕಿಯ ಮಾತನ್ನೂ ಒಂದಿಷ್ಟು ಹೇಳಬೇಕು. ಒಂದೇ ಫೋನನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವವರು, ಕಣ್ಣು ಮಂಜಾದ ಹಿರಿಯರು, ಕೈಯಲ್ಲಿ ಎರಡು ನಾಣ್ಯ ಹಿಡಿದು ಬರುವ ಮಕ್ಕಳು, ಇಂಟರ್ನೆಟ್ ಇಲ್ಲದ ಬಟನ್ ಫೋನಿನವರು, ಇವರೆಲ್ಲ ಸಣ್ಣ ವ್ಯಾಪಾರಿಯ ಗಿರಾಕಿಗಳೇ, ಬಹಳ ಸಲ ಕೊನೆಯವರೆಗೂ ಕೈಬಿಡದ ಗಿರಾಕಿಗಳು. ಅಂಕೆ ಒತ್ತಿ ನಡೆಸುವ ಯುಎಸ್‌ಎಸ್‌ಡಿ ಮೆನು ಬಟನ್ ಫೋನಿಗೆ ಸಾಕಾಗುತ್ತದೆ ಎನ್ನುತ್ತೀರಿ, ನಿಜ. ಆದರೆ ನಾಲ್ಕನೆಯ ಹಂತದಲ್ಲಿ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ ಒತ್ತಬೇಕು, ಸಾಲಿನಲ್ಲಿ ನಿಂತವರು ಕಾಯಬೇಕು.

ನಗದನ್ನು ಒಮ್ಮೆಲೇ ಹಿಂದಕ್ಕೆ ಸೆಳೆದರೆ ಜನ ತಾವಾಗಿ ಫೋನಿಗೆ ಬಂದುಬಿಡುತ್ತಾರೆ ಎಂಬ ನಂಬಿಕೆ ನಿಮ್ಮಲ್ಲಿ ಕೆಲವರಿಗೆ ಇದ್ದಂತಿದೆ. ನೈಜೀರಿಯಾದಲ್ಲಿ 2023ರ ಆರಂಭದಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ದೊಡ್ಡ ಮುಖಬೆಲೆಯ ಹಳೆಯ ನೈರಾ ನೋಟುಗಳಿಗೆ ಗಡುವು ಹಾಕಲಾಯಿತು, ಹೊಸವು ಸಾಕಷ್ಟು ಬರಲಿಲ್ಲ. ಜನ ಫೋನಿಗೆ ಬಂದರು ನಿಜ, ಬಂದವರನ್ನು ಹೊರುವ ಶಕ್ತಿ ಬ್ಯಾಂಕುಗಳ ಜಾಲಕ್ಕೆ ಇರಲಿಲ್ಲ. ವರ್ಗಾವಣೆಗಳು ನಡುದಾರಿಯಲ್ಲಿ ನಿಂತವು, ಮಾಲು ಮಾರುಕಟ್ಟೆಯಲ್ಲೇ ಬಾಡಿತು, ಏಜೆಂಟರು ನಗದು ಕೊಡಲು ಬಾಯಿಗೆ ಬಂದ ಕಮಿಷನ್ ಕೇಳಿದರು. ಮಾರ್ಚ್ 3ರಂದು ಅಲ್ಲಿನ ಸುಪ್ರೀಂ ಕೋರ್ಟ್ ಹಳೆಯ ನೋಟುಗಳು ಆ ವರ್ಷದ ಕೊನೆಯವರೆಗೂ ಚಲಾವಣೆಯಲ್ಲಿ ಇರಬೇಕೆಂದು ತೀರ್ಪು ಕೊಡಬೇಕಾಯಿತು. ಶ್ರೀಮಂತ ದೇಶಗಳ ಮಾತು ಬೇರೆ ಎಂದುಕೊಳ್ಳಬೇಡಿ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ವಿದ್ಯುತ್ ಹೋದಾಗ ಕಾರ್ಡು ಯಂತ್ರಗಳೂ ಎಟಿಎಂಗಳೂ ಸತ್ತವು, ಜೇಬಿನಲ್ಲಿ ನೋಟು ಇದ್ದವರು ಕೊಂಡರು. ನಗದು ಬಳಕೆ ತೀರಾ ಕಡಿಮೆಯಿರುವ ನಾರ್ವೆಯೇ 2024ರ ಅಕ್ಟೋಬರ್ 1ರಿಂದ, ಅಂಗಡಿಯಲ್ಲಿ ನಗದು ಕೊಡುವ ಗಿರಾಕಿಯ ಹಕ್ಕನ್ನು ಕಾನೂನಿನಲ್ಲಿ ಬಲಪಡಿಸಿದೆ.

ಇಷ್ಟೆಲ್ಲ ಬರೆದದ್ದು ನಿಮ್ಮಿಂದ ಕೆಲವು ಕೆಲಸಗಳಾಗಬೇಕು ಎಂಬುದಕ್ಕಾಗಿ. ಸಣ್ಣ ಮೊತ್ತದ ವರ್ಗಾವಣೆಯ ಮೇಲಿನ ಶುಲ್ಕವನ್ನು ಸಾಂಕ್ರಾಮಿಕ ರೋಗದ ಕಾಲದಲ್ಲಷ್ಟೇ ತೆಗೆಯುವ ಬದಲು ಶಾಶ್ವತವಾಗಿ ತೆಗೆಯಿರಿ, ಮತ್ತು ವ್ಯಾಪಾರಿ ದಿನಕ್ಕೊಮ್ಮೆಯಾದರೂ ತನ್ನ ದುಡಿಮೆಯನ್ನು ಉಚಿತವಾಗಿ ನೋಟು ಮಾಡಿಕೊಳ್ಳಲು ಅವಕಾಶ ಕೊಡಿ. ಅದಕ್ಕಿಂತಲೂ ಮುಂಚೆ ಸಗಟು ಅಂಗಳದಿಂದ ಕೆಲಸ ಆರಂಭಿಸಿ: ಬೀದಿಯ ತುದಿಯಲ್ಲಿ ಕೋಡು ಅಂಟಿಸುವ ಉತ್ಸಾಹವನ್ನು ಲಾರಿ ಬಾಡಿಗೆ, ಹಮಾಲಿ, ಬೆಳೆಗಾರನಿಗೆ ಕೊಡುವ ಮಾಲಿನ ಹಣ, ಜಾಗದ ಸುಂಕ, ಇವುಗಳ ಪಾವತಿಗೆ ತೋರಿಸಿದ್ದರೆ ಬೀದಿಯವಳನ್ನು ಯಾರೂ ಒತ್ತಾಯಿಸಬೇಕಾಗಿರಲಿಲ್ಲ. ಸುಂಕ ಪಡೆಯುವ ನಿಮ್ಮದೇ ಸಿಬ್ಬಂದಿ ಇನ್ನೂ ನಗದನ್ನೇ ಕೇಳುವ ಕಡೆಗಳಿವೆ, ಅಲ್ಲಿ ವ್ಯಾಪಾರಿಗೆ ಉಪದೇಶ ಮಾಡುವುದು ಚೆನ್ನಾಗಿ ಕಾಣುವುದಿಲ್ಲ. ಖಾತೆ ಸ್ತಂಭನಗೊಳಿಸುವುದಾದರೆ ವಿವಾದದ ಮೊತ್ತಕ್ಕಷ್ಟೇ ತಡೆ ಹಾಕಿ, ಉಳಿದದ್ದನ್ನು ನಾಳೆಯ ಮಾಲಿಗೆ ಬಿಡಿ. ಫೋನಿನ ಸಾಲ ವಸೂಲಾಗುವಾಗ ಆ ದಿನದ ಜಮೆಯಲ್ಲಿ ಒಂದು ಪಾಲನ್ನು ಮುಟ್ಟಬಾರದು ಎಂಬ ನಿಯಮ ತನ್ನಿ. ಪಾವತಿ ನಡುವೆ ಸಿಕ್ಕಿಕೊಂಡಾಗ ಅದರ ನಷ್ಟ ಗಿರಾಕಿಗೂ ಬೇಡ, ವ್ಯಾಪಾರಿಗೂ ಬೇಡ. ಅದು ಜಾಲ ನಡೆಸುವವರದ್ದು. ನೋಟನ್ನು ನಿರಾಕರಿಸದಂತೆ ಕಾನೂನು ಮಾಡುವುದು ಸಾಲದು, ಚಿಲ್ಲರೆ ನಾಣ್ಯ ಮಾರುಕಟ್ಟೆಗೆ ತಲುಪುವಂತೆಯೂ ನೋಡಿಕೊಳ್ಳಬೇಕು.

ನಿಮ್ಮ ಮುಂದಿನ ವಾರ್ಷಿಕ ವರದಿಯಲ್ಲಿ ಎಷ್ಟು ವ್ಯಾಪಾರಿಗಳು ಫೋನಿನಲ್ಲಿ ಹಣ ಪಡೆದರು ಎಂಬ ಕೋಷ್ಟಕದ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿಸಿ: ಹಾಗೆ ಪಡೆದದ್ದರಲ್ಲಿ ಎಷ್ಟು ಭಾಗ ನೋಟಾಗದೆ, ಶುಲ್ಕ ತೆರದೆ, ಮರುದಿನದ ಮಾಲಿಗೆ ದಾಟಿತು ಎಂಬುದು. ಆ ಅಂಕಿ ಬರೆಯಲು ನಿಮ್ಮ ಬಳಿ ಈಗಾಗಲೇ ಎಲ್ಲ ಮಾಹಿತಿ ಇದೆ. ನನ್ನ ವಹಿಗಳಲ್ಲಿ ಅದನ್ನು ಕೈಯಿಂದ ಬರೆಯುತ್ತಿದ್ದೇನೆ, ಕೇಳಿದರೆ ಮಾರಾಟಗಾರರ ಹೆಸರು ತೆಗೆದು ಕಳಿಸಿಕೊಡುತ್ತೇನೆ.

ಇಂತಿ,
ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವವ